ಹಳೆಯ ಬಿಎಂಡಬ್ಲ್ಯೂನೋ, ಆಡಿ ಕಾರೋ?

ಪ್ರಶ್ನೆ: ಎಂಎಚ್ ಪಾಸಿಂಗಿನ (ಮಹಾರಾಷ್ಟ್ರದಾಗ ನೋಂದಣಿಯಾದ) 2014ರ ಬಿಎಂಡಬ್ಲ್ಯೂ 320ಡಿ, ಆಡಿ ಎ4 ಡೀಸೆಲ್ ಎರಡೂ ನೋಡೇನಿ. ಬಜೆಟ್ 14 ಲಕ್ಷ. ಯಾವುದು ತಗೊಳ್ಳಲಿ ಸರ್?
– ಓದುಗರು, ಟಿಳಕವಾಡಿ, ಬೆಳಗಾವಿ

ಉತ್ತರ: ನನ್ನ ಮನಸ್ಸು 320ಡಿ ಕಡೆ. ಎಂಜಿನ್ ಶಕ್ತಿ ಹಿಂದಿನ ಗಾಲಿಗೆ ಹೋಗ್ತದ. ಚೋರ್ಲಾ ಘಾಟಿನ ತಿರುವಿನ್ಯಾಗ ಅದರ ಮಜಾನೇ ಬ್ಯಾರೆ. ಆದರ ಮುಂಜಾನೆ ತಣ್ಣಗಿದ್ದಾಗ ಸ್ಟಾರ್ಟ್ ಮಾಡಿ ಕಿವಿಗೊಡ್ರಿ. ಗೇರ್‌ಬಾಕ್ಸ್ ಕಡೆಯಿಂದ ಕರಕರ ಸದ್ದು ಬಂದರ ಟೈಮಿಂಗ್ ಚೈನ್ (ಎಂಜಿನ್ ವಾಲ್ವ್‌ಗಳನ್ನ ಸರಿಯಾದ ಹೊತ್ತಿಗೆ ತೆರೆದು ಮುಚ್ಚಿಸೋ ಸರಪಳಿ) ಸವೆದಿರಬಹುದು. ಚೈನ್ ಎಂಜಿನ್ನಿನ ಹಿಂಬದಿ ಐತಿ, ಕೂಲಿನೇ ಭಾರಿ. ಆ ಗಾಡಿ ಬಿಟ್ಟುಬಿಡ್ರಿ. ರನ್‌ಫ್ಲಾಟ್ ಟೈರಿದ್ದರ (ಪಂಕ್ಚರ್ ಆದರೂ ಸ್ವಲ್ಪ ದೂರ ಓಡೋ ಗಟ್ಟಿ ಟೈರು) ನಮ್ಮ ರಸ್ತೆ ಗುಂಡಿಯೊಳಗ ಸೊಂಟಕ್ಕ ತಿಳೀತದ. ಆಡಿ ಕಾರಿನ್ಯಾಗ ಚೈನ್ ಬದಲು ಟೈಮಿಂಗ್ ಬೆಲ್ಟ್, ಅದನ್ನ ಬದಲಿಸಿದ ಬಿಲ್ ಕೇಳ್ರಿ. ಯಾವುದೇ ಇರಲಿ, ಮಹಾರಾಷ್ಟ್ರದ ಆರ್‌ಟಿಒದಿಂದ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ತಂದು ಇಲ್ಲಿ ಆಜೀವ ತೆರಿಗೆ ಕಟ್ಟಬೇಕು. ಮೊತ್ತ ಆರ್‌ಟಿಒದಾಗ ಕೇಳಿಕೊಂಡೇ ಚೌಕಾಸಿಗೆ ಕೂಡ್ರಿ.