ನುಡಿಗಟ್ಟಿನ ಪಟ್ಟಿ ಸಾಕು, ಮಾಡಲು ಕೆಲಸ ಕೊಡಿ

ವಿಶ್ವವಿದ್ಯಾಲಯಗಳಲ್ಲಿ ಬಿಸಿನೆಸ್ ಇಂಗ್ಲಿಷ್ ಕಲಿಸುವವರು ಕಳಿಸಿದ ಪ್ರಶ್ನೆಗಳು ಇವು. ಕೆಲವಕ್ಕೆ ಎಷ್ಟು ಸಲ ಉತ್ತರ ಕೊಟ್ಟರೂ ಮತ್ತೆ ಅವೇ ಬರುತ್ತವೆ. ಅವನ್ನು ಬೇಗ ಮುಗಿಸುತ್ತೇನೆ. ಒಂದು ಪ್ರಶ್ನೆ ಮಾತ್ರ ನಿಧಾನವಾಗಿ ಉತ್ತರಿಸುವಂಥದ್ದು.

ಪ್ರಶ್ನೆ: 30 ದಿನದಲ್ಲಿ ನಿರರ್ಗಳ ಬಿಸಿನೆಸ್ ಇಂಗ್ಲಿಷ್ ಕಲಿಸುತ್ತೇವೆ ಎನ್ನುವ ಸಂಸ್ಥೆಯೊಂದು ಬಂದಿದೆ. ನಮ್ಮ ವಿಭಾಗ ಅವರಿಗೆ ಕೋರ್ಸ್ ಒಪ್ಪಿಸಬಹುದೇ?

ಬೇಡ. ಏನೂ ಗೊತ್ತಿಲ್ಲದ ಹಂತದಿಂದ ಬಿ1 ಮಟ್ಟಕ್ಕೆ, ಅಂದರೆ ದಿನನಿತ್ಯದ ವಿಷಯ ನಿಭಾಯಿಸುವ ಮಧ್ಯಮ ಹಂತಕ್ಕೆ ಬರಲು ಶಿಕ್ಷಕರ ಜೊತೆ 350ರಿಂದ 400 ಗಂಟೆ, ಅದರ ಮೇಲಿನ ಬಿ2 ಹಂತಕ್ಕೆ 500ರಿಂದ 600 ಗಂಟೆ ಬೇಕು ಎಂದು ಕೇಂಬ್ರಿಜ್ ಪರೀಕ್ಷಾ ಸಂಸ್ಥೆಯೇ ಅಂದಾಜು ಮಾಡಿದೆ. ದಿನಕ್ಕೆ ಎರಡು ಗಂಟೆಯಂತೆ 30 ದಿನ ಕಲಿಸಿದರೂ ಆಗುವುದು 60 ಗಂಟೆ. ಇವರು ಕೆಲಸ ಸಿಗುತ್ತದೋ ಇಲ್ಲವೋ ಎಂಬ ಮಕ್ಕಳ ಭಯದ ಮೇಲೆ ದುಡ್ಡು ಮಾಡುತ್ತಿದ್ದಾರೆ. ತರಗತಿಯೊಳಗೆ ಬಿಟ್ಟುಕೊಳ್ಳಬೇಡಿ.

ಪ್ರಶ್ನೆ: ಮೊದಲು ಗ್ರಾಮರ್ ಮುಗಿಸಿ ಆಮೇಲೆ ಬಿಸಿನೆಸ್ ಇಂಗ್ಲಿಷ್ ಶುರು ಮಾಡುವುದು ಸರಿಯೇ?

ಗ್ರಾಮರ್ ಯಾವತ್ತೂ ಮುಗಿಯುವುದಿಲ್ಲ. ಎರಡನ್ನೂ ಒಟ್ಟಿಗೆ ಶುರು ಮಾಡಿ.

ಪ್ರಶ್ನೆ: ನಾನು ಇಂಗ್ಲಿಷ್ ಸಾಹಿತ್ಯ ಓದಿದವಳು. ಕಂಪನಿಯಲ್ಲಿ ಒಂದು ದಿನವೂ ಕೆಲಸ ಮಾಡಿಲ್ಲ. ನನ್ನ ವಿದ್ಯಾರ್ಥಿಗಳೂ ಮಾಡಿಲ್ಲ. ಪುಸ್ತಕದಲ್ಲಿ ಇಮೇಲ್, ಮೀಟಿಂಗ್, ನೆಗೋಶಿಯೇಶನ್ ಎಂದು ನುಡಿಗಟ್ಟುಗಳ ಪಟ್ಟಿ ಇದೆ. ಬಾಯಿಪಾಠ ಮಾಡಿ ಪರೀಕ್ಷೆಯಲ್ಲಿ ಬರೆಯುತ್ತಾರೆ. ಒಂದು ಇಮೇಲ್ ಬರೆಯಿರಿ ಅಂದರೆ ಮಾತ್ರ ಕೈ ಓಡುವುದಿಲ್ಲ. ತರಗತಿಯಲ್ಲಿ 60 ಜನ ಇದ್ದಾರೆ. ಏನು ಮಾಡಲಿ?

ಪಟ್ಟಿಯನ್ನು ಪಕ್ಕಕ್ಕಿಡಿ. ತೊಂದರೆ ಅಲ್ಲೇ ಇದೆ.

ಕೆಲಸದಲ್ಲಿರುವವರು ಬಿಸಿನೆಸ್ ಇಂಗ್ಲಿಷ್ ಕಲಿಯಲು ಬಂದಾಗ ವಿಷಯ ಅವರ ಹತ್ತಿರವೇ ಇರುತ್ತದೆ. ನಿನ್ನೆ ಯಾರಿಗೆ ಏನು ಬರೆಯಬೇಕಿತ್ತು, ಎಲ್ಲಿ ತಡವರಿಸಿದರು ಎಂಬುದು ಅವರಿಗೆ ಗೊತ್ತು. ಅವರಿಗೆ ಬೇಕಿರುವುದು ಭಾಷೆ ಮಾತ್ರ. ನಿಮ್ಮ ವಿದ್ಯಾರ್ಥಿಗಳ ಕೈಯಲ್ಲಿ ವಿಷಯವೇ ಇಲ್ಲ. ಹೇಳಲು ಏನೂ ಇಲ್ಲದವರಿಗೆ ಹೇಳುವ ಐವತ್ತು ಬಗೆ ಕಲಿಸಿದರೆ ಏನು ಪ್ರಯೋಜನ? ಆದ್ದರಿಂದ ಮೊದಲು ವಿಷಯ ಕೊಡಿ. ಅಂಕಿ ಇರಲಿ, ದಿನಾಂಕ ಇರಲಿ, ಒಂದು ಇಕ್ಕಟ್ಟು ಇರಲಿ.

ನಾನು ಬಳಸುವ ಒಂದು ಸನ್ನಿವೇಶ ಹೇಳುತ್ತೇನೆ, ಹಾಗೆಯೇ ಬಳಸಿಕೊಳ್ಳಿ. ಒಂದು ಕಂಪನಿ ಇನ್ನೊಂದಕ್ಕೆ 400 ಕುರ್ಚಿ ಮಾರಿದೆ. ತರಗತಿಯ ಅರ್ಧ ಜನ ಮಾರುವವರು, ಅರ್ಧ ಜನ ಕೊಳ್ಳುವವರು. ಮಾರುವವರ ಚೀಟಿಯಲ್ಲಿ ಹೀಗಿದೆ: ಸರಕು 9 ದಿನ ತಡವಾಗುತ್ತದೆ. 250 ಕುರ್ಚಿ ಈಗಲೇ ಸಿದ್ಧ. ಶೇಕಡಾ 5ರವರೆಗೆ ರಿಯಾಯಿತಿ ಕೊಡಬಹುದು, ಆದರೆ ತಾವಾಗಿ ಬಾಯಿಬಿಡಬಾರದು. ಕೊಳ್ಳುವವರ ಚೀಟಿಯಲ್ಲಿ: 20ನೇ ತಾರೀಕು ಹೊಸ ಕಚೇರಿ ಶುರು. ಅಂದು 220 ಕುರ್ಚಿಯಾದರೂ ಇರಲೇಬೇಕು. ಒಪ್ಪಂದದ ಪ್ರಕಾರ ತಡವಾದ ಪ್ರತಿ ದಿನಕ್ಕೆ ಶೇಕಡಾ 1 ದಂಡ ಕೇಳಬಹುದು. ಒಬ್ಬರ ಚೀಟಿ ಇನ್ನೊಬ್ಬರಿಗೆ ತೋರಿಸುವಂತಿಲ್ಲ. ಈ ನಿಯಮ ಸಡಿಲಿಸಿದರೆ ಪಾಠ ಅಲ್ಲಿಗೇ ಮುಗಿಯಿತು. ಗೊತ್ತಿರುವುದನ್ನು ಗೊತ್ತಿರುವವರಿಗೆ ಯಾರೂ ಮನಸ್ಸಿಟ್ಟು ಹೇಳುವುದಿಲ್ಲ, ಅಲ್ವಾ?

ಮೊದಲ ಕೆಲಸ, ಮಾರುವವರು ಇಮೇಲ್ ಬರೆಯುವುದು. ಏನು ಬರುತ್ತದೆ ಎಂದು ಈಗಲೇ ಹೇಳಬಲ್ಲೆ. ಕ್ಷೇಮ ವಿಚಾರಣೆ, ಆರ್ಡರ್ ಕೊಟ್ಟದ್ದಕ್ಕೆ ಧನ್ಯವಾದ, ಕಂಪನಿಯ ಹೊಗಳಿಕೆ. ಕೊನೆಯಲ್ಲಿ ಎಲ್ಲೋ ಒಂದು ಕಡೆ 'ಸ್ವಲ್ಪ ತಡವಾಗಬಹುದು'. ಎಷ್ಟು ದಿನ? ಎಷ್ಟು ಕುರ್ಚಿ? ಇಲ್ಲ. ಇಲ್ಲಿ ಕೆಂಪು ಪೆನ್ನು ತೆಗೆಯಬೇಡಿ. ಇಮೇಲ್‌ಗಳನ್ನು ಕೊಳ್ಳುವವರ ಕೈಗೆ ಕೊಟ್ಟು ನಾಲ್ಕು ಪ್ರಶ್ನೆಯ ಹಾಳೆ ಹಂಚಿ: ಏನು ತಡವಾಗಿದೆ, ಎಷ್ಟು ದಿನ, ನನ್ನಿಂದ ಏನು ಕೇಳುತ್ತಿದ್ದಾರೆ, ಯಾವಾಗ ಉತ್ತರ ಕೊಡಬೇಕು. ಒಂದು ಜಾಗ ಖಾಲಿ ಉಳಿದರೂ ಇಮೇಲ್ ವಾಪಸ್ ಹೋಗಬೇಕು. ಓದಿದವರು ಅರ್ಥವಾಗಲಿಲ್ಲ ಎಂದಾಗ ಆಗುವ ಪರಿಣಾಮ ಶಿಕ್ಷಕರ ಕೆಂಪು ಗೆರೆಯಿಂದ ಆಗುವುದಿಲ್ಲ.

ಎರಡನೇ ಸಲ ಬರೆಯುವಾಗ ಸುದ್ದಿ ಮೊದಲ ಎರಡು ಸಾಲಿಗೆ ಬರುತ್ತದೆ. ನುಡಿಗಟ್ಟು ಬೇಕು ಎಂದು ಅವರೇ ಕೇಳುವುದು ಈ ಹೊತ್ತಿನಲ್ಲಿ. ತಡವನ್ನು ತಿಳಿಸಲು ಒಂದು, ಕ್ಷಮೆ ಕೇಳಲು ಒಂದು, ಬೇರೆ ದಾರಿ ಸೂಚಿಸಲು ಎರಡು, ಉತ್ತರ ಕೋರಲು ಒಂದು. ಐದು ಸಾಕು. ಅದೇ ದಿನ ಬಳಸುವ ಐದು ನೆನಪಿರುತ್ತವೆ.

ಆಮೇಲೆ ಕೊಳ್ಳುವವರ ಉತ್ತರ. ಮುಂದಿನ ತರಗತಿಯಲ್ಲಿ ಫೋನ್ ಸಂಭಾಷಣೆ. ಬೆನ್ನಿಗೆ ಬೆನ್ನು ಕೊಟ್ಟು ಕೂರಿಸಿ, ಮುಖ ನೋಡಿ ಊಹಿಸುವಂತಿರಬಾರದು. ಇಲ್ಲಿ ಅಂಕಿಗಳು ಎಡವಿಸುತ್ತವೆ. ಫಿಫ್ಟೀನ್, ಫಿಫ್ಟಿ ಆಗುತ್ತದೆ. ಥರ್ಟೀನ್, ಥರ್ಟಿ ಆಗುತ್ತದೆ. ಕೇಳಿಸಿಕೊಂಡ ಅಂಕಿಯನ್ನು ತಿರುಗಿ ಹೇಳಿ ಖಚಿತಪಡಿಸಿಕೊಳ್ಳುವ ಅಭ್ಯಾಸ ಈ ಹಂತದಲ್ಲೇ ಆಗಬೇಕು. ಬರೆಯುವಾಗ ತಿಂಗಳನ್ನು ಅಕ್ಷರದಲ್ಲೇ ಬರೆಸಿ. 03/04 ಎಂದರೆ ಒಂದು ದೇಶದವರಿಗೆ ಏಪ್ರಿಲ್ 3, ಇನ್ನೊಂದು ದೇಶದವರಿಗೆ ಮಾರ್ಚ್ 4. ಇಂಥ ಸಣ್ಣ ವಿಷಯಕ್ಕೆ ಪುಸ್ತಕಗಳು ಅರ್ಧ ಪುಟವನ್ನೂ ಕೊಡುವುದಿಲ್ಲ, ಅದು ನನಗೆ ಸಿಟ್ಟು ತರಿಸುತ್ತದೆ.

ಕೊನೆಗೆ ಇಬ್ಬರೂ ತಮ್ಮ ತಮ್ಮ ಮೇಲಧಿಕಾರಿಗೆ ಐದು ಸಾಲಿನ ಟಿಪ್ಪಣಿ ಬರೆಯಲಿ. ವಿಷಯ ಅದೇ, ಓದುವವರು ಬೇರೆ. ಗ್ರಾಹಕರಿಗೆ ಕ್ಷಮೆ ಕೇಳಿದ ಧಾಟಿ ಮೇಲಧಿಕಾರಿಗೆ ಬೇಡ. ಅಲ್ಲಿ ಏನಾಯಿತು, ಎಷ್ಟು ಖರ್ಚು, ಏನು ನಿರ್ಧಾರ ಬೇಕು ಎಂಬುದಷ್ಟೇ ಸಾಕು. ಯಾರಿಗೆ ಎಷ್ಟು ವಿನಯ ಎಂಬುದನ್ನು ನಾನು ಬೇರೆ ಪಾಠವಾಗಿ ಕಲಿಸುವುದೇ ಇಲ್ಲ. ಈ ಎರಡು ಬರಹಗಳನ್ನು ಪಕ್ಕಪಕ್ಕ ಇಟ್ಟರೆ ಅವರಿಗೇ ಕಾಣುತ್ತದೆ.

ಮತ್ತೆ ತಿದ್ದುವುದು. ಎಲ್ಲ ತಪ್ಪನ್ನೂ ಒಂದೇ ಸಲ ತಿದ್ದಲು ಹೋಗಬೇಡಿ. ಎಲ್ಲೋ ಒಂದು 'ದಿ' ಬಿಟ್ಟುಹೋದರೆ ಯಾರ ದುಡ್ಡೂ ಹೋಗುವುದಿಲ್ಲ. 'ವಿ ವಿಲ್ ಸೆಂಡ್' ಬರೆಯಬೇಕಾದ ಕಡೆ 'ವಿ ಸೆಂಟ್' ಬರೆದರೆ ಕೊಂಡವರು ಇನ್ನೂ ಹೊರಡದ ಸರಕಿಗಾಗಿ ಕಾಯುತ್ತಾ ಕೂರುತ್ತಾರೆ. ಅದನ್ನು ತಕ್ಷಣ ನಿಲ್ಲಿಸಿ ತಿದ್ದಿ. ಅಂಕವನ್ನೂ ಇದೇ ಲೆಕ್ಕದಲ್ಲಿ ಕೊಡಿ: ಇಮೇಲ್ ಓದಿ ಆ ನಾಲ್ಕು ಪ್ರಶ್ನೆಗೆ ಉತ್ತರ ಸಿಕ್ಕಿತೇ?

60 ಜನ ಎಂಬ ಚಿಂತೆ ಬೇಡ. 30 ಜೋಡಿ ಒಟ್ಟಿಗೆ ಮಾತಾಡಲಿ. ಗದ್ದಲ ಆಗುತ್ತದೆ, ಆಗಲಿ. ಒಬ್ಬೊಬ್ಬರನ್ನೇ ಮುಂದೆ ಕರೆದು ಭಾಷಣ ಮಾಡಿಸಿದರೆ ಉಳಿದ 59 ಜನ ಸುಮ್ನೆ ಕೂತಿರುತ್ತಾರೆ.

ಇನ್ನು ನಿಮ್ಮ ಅನುಭವದ ಮಾತು. ಕಂಪನಿಯಲ್ಲಿ ಕೆಲಸ ಮಾಡಿರಲೇಬೇಕಿಲ್ಲ. ಆದರೆ ಇನ್‌ವಾಯ್ಸ್‌ನಲ್ಲಿ ಏನಿರುತ್ತದೆ, ಪರ್ಚೇಸ್ ಆರ್ಡರ್ ಯಾರು ಯಾರಿಗೆ ಕೊಡುತ್ತಾರೆ ಎಂಬುದು ಗೊತ್ತಿರಲೇಬೇಕು. ವಾಣಿಜ್ಯ ವಿಭಾಗದ ಸಹೋದ್ಯೋಗಿಯ ಜೊತೆ ಒಂದು ಮಧ್ಯಾಹ್ನ ಕೂತರೆ ತಿಳಿಯುತ್ತದೆ. ಕೆಲಸಕ್ಕೆ ಸೇರಿದ ಹಳೆಯ ವಿದ್ಯಾರ್ಥಿಗಳನ್ನು ಕೇಳಿ: ಹೋದ ವಾರ ಇಂಗ್ಲಿಷ್‌ನಲ್ಲಿ ಏನೇನು ಬರೆದಿರಿ, ಯಾರ ಜೊತೆ ಮಾತಾಡಿದಿರಿ? ಅವರ ಉತ್ತರ ನೋಡಿ ಪಾಠದ ಕ್ರಮ ಬದಲಿಸಿ. ಅವರ ನಿಜವಾದ ಇಮೇಲ್‌ಗಳನ್ನು ಮಾತ್ರ ತರಗತಿಗೆ ತರಬೇಡಿ. ಹೆಸರು ಅಳಿಸಿದರೂ ಬೆಲೆ, ಸರಕು, ದಿನಾಂಕ ಸೇರಿ ಗುಟ್ಟು ಹೊರಬೀಳಬಹುದು. ಕೆಲಸ ಹೋಗುವುದು ಆ ಹುಡುಗ ಹುಡುಗಿಯರದು. ಈ ವಿಷಯದಲ್ಲಿ ನಾನು ಸ್ವಲ್ಪ ಜಾಸ್ತಿಯೇ ಹುಷಾರು. ಮಾದರಿಯನ್ನು ನೀವೇ ಹೊಸದಾಗಿ ಬರೆಯಿರಿ.

ಪ್ರಶ್ನೆ: ಸಂವಹನದಲ್ಲಿ ಮಾತಿನ ಪಾಲು ಬರೀ ಶೇಕಡಾ 7, ಉಳಿದದ್ದು ದನಿ ಮತ್ತು ಹಾವಭಾವ ಎಂದು ತರಬೇತುದಾರರೊಬ್ಬರು ಹೇಳಿದರು. ಹಾಗಾದರೆ ಭಾಷೆಗೆ ಇಷ್ಟು ಸಮಯ ಯಾಕೆ?

ಈ ಅಂಕಿ ಕೇಳಿದರೆ ನನಗೆ ತಾಳ್ಮೆ ಉಳಿಯುವುದಿಲ್ಲ. ಇದು 1967ರಲ್ಲಿ ಪ್ರಕಟವಾದ, ಮನೋವಿಜ್ಞಾನಿ ಆಲ್ಬರ್ಟ್ ಮೆಹ್ರಾಬಿಯನ್ ಅವರ ಎರಡು ಪ್ರಯೋಗಗಳಿಂದ ಬಂದದ್ದು. ಬಿಡಿ ಪದಗಳನ್ನು ಬೇರೆ ಬೇರೆ ದನಿಯಲ್ಲಿ ಕೇಳಿಸಿ, ಮುಖದ ಫೋಟೋ ತೋರಿಸಿ, ಹೇಳಿದವರಿಗೆ ಇಷ್ಟವೋ ಇಲ್ಲವೋ ಎಂದು ಊಹಿಸಲು ಹೇಳಿದ್ದರು. ಭಾವನೆ, ಒಲವುಗಳ ಮಾತಿಗೆ ಬಿಟ್ಟು ಬೇರೆಲ್ಲೂ ಈ ಲೆಕ್ಕ ಹೊಂದುವುದಿಲ್ಲ ಎಂದು ಅವರೇ ಸ್ಪಷ್ಟಪಡಿಸಿದ್ದಾರೆ. ಸರಕು 9 ದಿನ ತಡ ಎಂಬುದನ್ನು ಯಾವ ಹಾವಭಾವದಲ್ಲಿ ತಿಳಿಸುತ್ತೀರಿ? ಆ ತರಬೇತುದಾರರನ್ನೇ ಕೇಳಿ.

ಪ್ರಶ್ನೆ: ಅಮೆರಿಕನ್ ಉಚ್ಚಾರಣೆಯೋ, ಬ್ರಿಟಿಷ್ ಉಚ್ಚಾರಣೆಯೋ?

ಯಾವುದಾದರೂ ಆಗಲಿ, ಸ್ಪಷ್ಟವಾಗಿರಲಿ. ವ್ಯಾಪಾರದ ಎಷ್ಟೋ ಮಾತುಕತೆಗಳಲ್ಲಿ ಎರಡೂ ಕಡೆಯವರಿಗೆ ಇಂಗ್ಲಿಷ್ ಮನೆಮಾತಾಗಿರುವುದಿಲ್ಲ.

ಪ್ರಶ್ನೆ: ಕೆಲಸದ ಇಂಗ್ಲಿಷ್ ಅಳೆಯುವ ಪರೀಕ್ಷೆಯಾದ ಟೋಯಿಕ್‌ನಲ್ಲಿ 900 ದಾಟಿದ ವಿದ್ಯಾರ್ಥಿಗೆ ಈ ಕೋರ್ಸ್‌ನಿಂದ ವಿನಾಯಿತಿ ಕೊಡಬಹುದೇ?

ಕೊಡಬೇಡಿ. 990 ಅಂಕದ ಆ ಪರೀಕ್ಷೆ ಕೇಳುವುದು, ಓದುವುದು ಎರಡನ್ನೇ ಅಳೆಯುತ್ತದೆ. 200 ಪ್ರಶ್ನೆ, ಎಲ್ಲವೂ ಸರಿಯುತ್ತರ ಆರಿಸುವಂಥವು. ಒಂದು ವಾಕ್ಯವನ್ನೂ ಬರೆಯುವಂತಿಲ್ಲ, ಮಾತಾಡುವಂತಿಲ್ಲ. ಮಾತು ಮತ್ತು ಬರಹಕ್ಕೆ ಅದನ್ನು ನಡೆಸುವ ಸಂಸ್ಥೆಯದೇ ಬೇರೆ ಪರೀಕ್ಷೆ ಇದೆ.

ಪ್ರಶ್ನೆ: ಎಐ ಕ್ಷಣದಲ್ಲಿ ಇಮೇಲ್ ಬರೆದುಕೊಡುತ್ತದೆ. ಇನ್ನೂ ಯಾಕೆ ಬರೆಸಬೇಕು?

ಬಂದದ್ದು ಸರಿಯೋ ತಪ್ಪೋ ಎಂದು ಹೇಳುವವರು ಬೇಕಲ್ಲ. ಕುರ್ಚಿಯ ಸನ್ನಿವೇಶವನ್ನೇ ಎಐಗೆ ಕೊಟ್ಟು ನೋಡಿ. ಭಾಷೆ ನಯವಾಗಿರುತ್ತದೆ. ಜೊತೆಗೆ 'ಮುಂದೆ ಹೀಗಾಗದಂತೆ ಖಾತ್ರಿ ಕೊಡುತ್ತೇವೆ' ಎಂಬ, ಚೀಟಿಯಲ್ಲಿ ಎಲ್ಲೂ ಇಲ್ಲದ ಮಾತೂ ಸೇರಿಕೊಳ್ಳಬಹುದು. ಬಾಯಿಬಿಡಬಾರದ ರಿಯಾಯಿತಿ ಮೊದಲ ಸಾಲಿನಲ್ಲೇ ಬರಬಹುದು. ಆದ್ದರಿಂದ ಮೊದಲ ಕರಡನ್ನು ವಿದ್ಯಾರ್ಥಿಗಳು ತರಗತಿಯಲ್ಲೇ ಕೈಯಲ್ಲಿ ಬರೆಯಲಿ. ಆಮೇಲೆ ಎಐ ಬರೆದದ್ದನ್ನು ಪಕ್ಕಕ್ಕಿಟ್ಟು, ಕಂಪನಿ ಒಪ್ಪದ ಮಾತು ಎಲ್ಲೆಲ್ಲಿದೆ ಎಂದು ಗೆರೆ ಎಳೆಯಲಿ. ಅದಕ್ಕೂ ಅಂಕ ಕೊಡಿ.