ಯುದ್ಧದ ಸುದ್ದಿ ಬಂದಾಗ ನಿವೃತ್ತ ಸೈನಿಕರಾದ ನನ್ನ ತಂದೆ ಟಿವಿ ಆರಿಸಿ ಮೌನವಾಗುವುದೇಕೆ?

2025ರ ಮೇ ತಿಂಗಳಲ್ಲಿ ಮನೆಯವರೆಲ್ಲ ಯುದ್ಧದ ಸುದ್ದಿ ನೋಡುತ್ತ ಕುಳಿತಿದ್ದಾಗ ನಿಮ್ಮ ತಂದೆಯವರು ಎದ್ದು ಬಂದು ಟಿವಿ ಆರಿಸಿದರು, ಆಮೇಲೆ ಮೂರು ದಿನ ಯಾರೊಂದಿಗೂ ಸರಿಯಾಗಿ ಮಾತನಾಡಲಿಲ್ಲ ಎಂದು ಬರೆದಿದ್ದೀರಿ. ಅದು ಭಯವೋ, ಕೋಪವೋ, ಹಳೆಯ ನೋವೋ, ಮನೆಯವರು ಹೇಗೆ ನಡೆದುಕೊಳ್ಳಬೇಕು ಎಂದೂ ಕೇಳಿದ್ದೀರಿ. ನಾನು ಕಾಣದ ಹಿರಿಯರ ಮನಸ್ಸಿನಲ್ಲಿ ಇರುವುದನ್ನು ನಾನು ಹೇಳಲಾರೆ. ಆದರೆ 1981ರಿಂದ 2005ರವರೆಗೆ 24 ವರ್ಷ ಭೂಸೇನೆಯ ಸಂಪರ್ಕ ವಿಭಾಗವಾದ ಸಿಗ್ನಲ್ಸ್‌ನಲ್ಲಿ ವೈರ್‌ಲೆಸ್ ಆಪರೇಟರ್ ಆಗಿದ್ದು, ಹವಾಲ್ದಾರನಾಗಿ ನಿವೃತ್ತನಾದ ನನಗೂ ಆ ರಾತ್ರಿಗಳನ್ನು ಕಳೆಯುವುದು ಬಹಳ ಕಷ್ಟವಾಯಿತು. ಏಕೆ ಕಷ್ಟವಾಯಿತು ಎಂಬುದನ್ನಷ್ಟೇ ಬರೆಯುತ್ತೇನೆ.

ಜಬಲ್ಪುರದ ತರಬೇತಿ ಕೇಂದ್ರದಲ್ಲಿ ನಮಗೆ ತಲೆಗೆ ತುಂಬಿದ ಮೊದಲ ಪಾಠವೆಂದರೆ ಸಂದೇಶಕ್ಕೆ ವೇಳೆ ಇರಬೇಕು ಎಂಬುದು. ಪ್ರತಿಯೊಂದರ ತಲೆಬರಹದಲ್ಲಿ ದಿನ ಮತ್ತು ವೇಳೆಯನ್ನು ಆರು ಅಂಕಿಗಳಲ್ಲಿ ಬರೆಯುತ್ತಿದ್ದೆವು. 9ನೇ ತಾರೀಖು ಬೆಳಗಿನ ಜಾವ 2 ಗಂಟೆ 15 ನಿಮಿಷವಾದರೆ 090215. ಮುಖ್ಯವಾದ ಸಂದೇಶವನ್ನು ಕೇಳಿಸಿಕೊಂಡವನು ತಿರುಗಿ ಓದಿ ಹೇಳಬೇಕು, ಕಳುಹಿಸಿದವನು ಸರಿ ಎಂದ ಮೇಲೆಯೇ ಅದು ಲಾಗ್ ಹಾಳೆಗೆ ಏರಬೇಕು. ಗರಗರ ಸದ್ದಿನಲ್ಲಿ ಒಂದು ಪದ ಕೇಳಿಸದೇ ಹೋದರೆ ಮತ್ತೆ ಕೇಳಬೇಕೇ ಹೊರತು ಊಹಿಸಿ ತುಂಬಿಸುವಂತಿಲ್ಲ, ಏಕೆಂದರೆ ನಕ್ಷೆಯ ಒಂದು ಅಂಕಿ ತಪ್ಪಿದರೂ ಫಿರಂಗಿಯ ಗುಂಡು ನಮ್ಮವರ ಮೇಲೆಯೇ ಬೀಳಬಹುದು. ಇಪ್ಪತ್ತನಾಲ್ಕು ವರ್ಷ ಹೀಗೆ ಬದುಕಿದವನ ಕಿವಿ ಆಮೇಲೆ ಬೇರೆ ರೀತಿಯಲ್ಲಿ ಕೇಳುವುದಿಲ್ಲ.

ಮೇ 8ರ ರಾತ್ರಿ ನಾನು ಟಿವಿಯ ಮುಂದೆ ಒಂದು ನೋಟ್‌ಬುಕ್ ಹಿಡಿದು ಕುಳಿತೆ. ಪಹಲ್ಗಾಮ್‌ನಲ್ಲಿ ಏಪ್ರಿಲ್ 22ರಂದು 26 ಜನರನ್ನು ಕೊಂದದ್ದಕ್ಕೆ ಉತ್ತರವಾಗಿ ಮೇ 7ರ ನಸುಕಿನಲ್ಲಿ ಆಪರೇಷನ್ ಸಿಂದೂರ ಆರಂಭವಾಗಿತ್ತು. ಆ ಉತ್ತರ ಬೇಕೇ ಬೇಕಿತ್ತು ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಆ ರಾತ್ರಿ ಹಲವು ವಾಹಿನಿಗಳಲ್ಲಿ ಕೇಳಿದ್ದೇ ಬೇರೆ. ಕರಾಚಿ ಬಂದರು ಧ್ವಂಸವಾಯಿತು ಎಂದರು. ನಮ್ಮ ಸೇನೆ ಗಡಿ ದಾಟಿ ಒಳನುಗ್ಗಿತು ಎಂದರು. ನಾನು ಎಡಗಡೆ ವೇಳೆ, ಬಲಗಡೆ ಅವರು ಹೇಳಿದ್ದು, ಕೊನೆಯಲ್ಲಿ ಯಾರು ಖಚಿತಪಡಿಸಿದರು ಎಂಬುದಕ್ಕೆ ಒಂದು ಖಾಲಿ ಅಂಕಣ ಬಿಟ್ಟು ಬರೆಯುತ್ತ ಹೋದೆ. ಬೆಳಗಾಗುವ ಹೊತ್ತಿಗೆ ಎರಡು ಪುಟ ತುಂಬಿದ್ದವು, ಆ ಕೊನೆಯ ಅಂಕಣ ಮಾತ್ರ ಹೆಚ್ಚುಕಡಿಮೆ ಖಾಲಿಯೇ ಇತ್ತು. ಮರುದಿನ ಸಂಜೆಯ ಅಧಿಕೃತ ಪತ್ರಿಕಾಗೋಷ್ಠಿಯಲ್ಲಿ ಹೇಳಿದ್ದು, ಪಾಕಿಸ್ತಾನ 36 ಕಡೆಗಳಲ್ಲಿ ಸುಮಾರು 300ರಿಂದ 400 ಡ್ರೋನ್‌ಗಳನ್ನು ಕಳುಹಿಸಿತ್ತು ಎಂಬ ವಿಷಯ. ಕರಾಚಿ ಬಂದರಿನ ಹೆಸರಿನ ಮುಂದೆ ಹಾಕಲು ನನಗೆ ಗುರುತೇ ಸಿಗಲಿಲ್ಲ, ಏಕೆಂದರೆ ಅಂಥದ್ದೇನೂ ನಡೆದಿರಲಿಲ್ಲ.

ಸೇನಾ ಕಾರ್ಯಾಚರಣೆಯನ್ನು ನೇರಪ್ರಸಾರ ಮಾಡಬಾರದೆಂದು ರಕ್ಷಣಾ ಸಚಿವಾಲಯ ಅದೇ 9ರಂದು ಸೂಚನೆ ಕೊಡಬೇಕಾಯಿತು. 2008ರ ಮುಂಬೈ ದಾಳಿಯ ನೇರಪ್ರಸಾರವನ್ನು ಸುಪ್ರೀಂ ಕೋರ್ಟ್ 2012ರಲ್ಲಿ ಕಟುವಾಗಿ ಖಂಡಿಸಿದ್ದರೂ, ಅದೇ ಮಾತನ್ನು ಮತ್ತೆ ಹೇಳಬೇಕಾಗಿ ಬಂದದ್ದು ನನಗೆ ತುಂಬಾ ದುಃಖ ತಂದಿತು. ನಾವು ಸುಳ್ಳಿಗೆ ಕುಣಿಯುತ್ತಿದ್ದ ಆ ದಿನಗಳಲ್ಲಿ ಪೂಂಛ್‌ನ ಜನ ನಿಜವಾದ ಶೆಲ್ ದಾಳಿಯಲ್ಲಿ ಮಕ್ಕಳನ್ನು ಕಳೆದುಕೊಳ್ಳುತ್ತಿದ್ದರು.

ಇಷ್ಟು ನನ್ನ ಕೋಪದ ವಿಷಯ. ಆದರೆ ಮೌನದ ಕಾರಣ ಇದಕ್ಕಿಂತ ಹಳೆಯದು, ಅದು ಮನೆಗೆ ಸೇರಿದ್ದು.

ಸಂಸತ್ತಿನ ಮೇಲೆ ದಾಳಿಯಾದ ಮೇಲೆ, 2001ರ ಡಿಸೆಂಬರಿನಲ್ಲಿ ಆಪರೇಷನ್ ಪರಾಕ್ರಮ್ ಹೆಸರಿನಲ್ಲಿ ಸೇನೆಯನ್ನು ಗಡಿಗೆ ಕಳುಹಿಸಿದರು. ನಮ್ಮ ಘಟಕ ರಾಜಸ್ಥಾನದ ಮರಳಿನಲ್ಲಿತ್ತು. 2002ರ ಅಕ್ಟೋಬರ್‌ವರೆಗೆ, ಹತ್ತು ತಿಂಗಳು, ಇಂದು ಅಪ್ಪಣೆ ಬರುತ್ತದೆ, ನಾಳೆ ಬರುತ್ತದೆ ಎಂದು ಕಾದೆವು. ಯುದ್ಧ ನಡೆಯಲೇ ಇಲ್ಲ. ಯುದ್ಧವಿಲ್ಲದೆಯೂ ಸಾವುಗಳಿದ್ದವು, ನೆಲಬಾಂಬುಗಳನ್ನು ಹೂಳುವಾಗ ಮತ್ತು ತೆಗೆಯುವಾಗ ಪ್ರಾಣ ಕಳೆದುಕೊಂಡವರನ್ನು ಇಂದು ಯಾರೂ ನೆನೆಯುವುದಿಲ್ಲ. ನಾವಿದ್ದ ಜಾಗದಲ್ಲಿ ಮನೆಗೆ ಫೋನ್ ಮಾಡುವ ಅನುಕೂಲವಿರಲಿಲ್ಲ. ಕೇರ್ ಆಫ್ 56 ಎಪಿಒ ಎಂಬ ಸೇನಾ ಅಂಚೆಯ ವಿಳಾಸದಿಂದ ಇನ್‌ಲ್ಯಾಂಡ್ ಪತ್ರ ಬರೆಯುತ್ತಿದ್ದೆ. ಎಲ್ಲಿದ್ದೇನೆಂದು ಬರೆಯುವಂತಿರಲಿಲ್ಲವಾದ್ದರಿಂದ ಅದರಲ್ಲಿ ಕ್ಷೇಮ ಸಮಾಚಾರ ಬಿಟ್ಟು ಹೆಚ್ಚೇನೂ ಇರುತ್ತಿರಲಿಲ್ಲ.

ನಿವೃತ್ತನಾಗಿ ಬಂದ ಎಷ್ಟೋ ವರ್ಷಗಳ ಮೇಲೆ, ಪಿಂಚಣಿಯ ಕಾಗದ ಹುಡುಕುವಾಗ ಟ್ರಂಕಿನ ತಳದಲ್ಲಿ ಆ ಪತ್ರಗಳ ಕಟ್ಟು ಸಿಕ್ಕಿತು. ಪ್ರತಿ ಪತ್ರದ ಹಿಂಬದಿಯಲ್ಲಿ, ಅಂಟಿನ ಪಟ್ಟಿಯ ಪಕ್ಕದಲ್ಲಿ, ನನ್ನ ಹೆಂಡತಿ ಪೆನ್ಸಿಲಿನಿಂದ ಸಣ್ಣದಾಗಿ ಎರಡು ತಾರೀಖು ಬರೆದಿದ್ದಳು: ನಾನು ಬರೆದ ದಿನ, ಅವಳ ಕೈ ಸೇರಿದ ದಿನ. ಕೆಳಗೆ ಒಂದು ಗೆರೆ ಎಳೆದು ನಡುವಿನ ದಿನಗಳನ್ನು ಲೆಕ್ಕ ಹಾಕಿದ್ದಳು. ಒಂದರಲ್ಲಿ 9, ಒಂದರಲ್ಲಿ 14, ಮೇ ತಿಂಗಳ ಒಂದು ಪತ್ರದಲ್ಲಿ 23. ಇದೇಕೆ ಎಂದು ಕೇಳಿದೆ. ‘ಈ ಕಾಗದ ಬಂತು ಅಂದ್ರೆ ನೀವು ಇಷ್ಟು ದಿನದ ಹಿಂದೆ ಚೆನ್ನಾಗಿದ್ರಿ ಅಂತ ಅರ್ಥ, ಇವತ್ತಿಂದು ಗೊತ್ತಾಗಲ್ವಲ್ಲ’ ಎಂದಳು. ಜಬಲ್ಪುರದಲ್ಲಿ ನನಗೆ ತಿಂಗಳುಗಟ್ಟಲೆ ಕಲಿಸಿದ್ದನ್ನು ಅವಳು ಯಾರೂ ಹೇಳಿಕೊಡದೆ ಕಲಿತುಕೊಂಡಿದ್ದಳು.

ಆ 23 ದಿನಗಳ ಪತ್ರವನ್ನು ಹಿಡಿದು ನಾನು ಬಹಳ ಹೊತ್ತು ಕುಳಿತಿದ್ದೆ. 2002ರ ಮೇ 14ರಂದು ಜಮ್ಮು ಬಳಿಯ ಕಾಲೂಚಕ್‌ನಲ್ಲಿ ಭಯೋತ್ಪಾದಕರು ಸೈನಿಕರ ಕುಟುಂಬಗಳ ವಸತಿಗೇ ನುಗ್ಗಿ ಹೆಂಗಸರು ಮಕ್ಕಳೆನ್ನದೆ ಕೊಂದಿದ್ದರು. ಯುದ್ಧ ಇನ್ನೇನು ಆರಂಭವಾಯಿತು ಎಂಬ ಮಾತು ದೇಶದ ತುಂಬ ಹಬ್ಬಿತ್ತು. ಮೂರು ವರ್ಷ ಮೊದಲು ಕಾರ್ಗಿಲ್‌ನಿಂದ ಶವಪೆಟ್ಟಿಗೆಗಳು ಊರೂರಿಗೆ ಬಂದದ್ದನ್ನು ಅವಳು ಕಣ್ಣಾರೆ ನೋಡಿದ್ದಳು. ಹಾಗಿದ್ದೂ ಆ ದಿನಗಳಲ್ಲಿ ನನಗೆ ಬರೆದ ಪತ್ರದಲ್ಲಿ ಮಗನಿಗೆ ಗಣಿತದಲ್ಲಿ ಅಂಕ ಹೆಚ್ಚಿಗೆ ಬಂದಿವೆ ಎಂದು ಮಾತ್ರ ಬರೆದಿದ್ದಳು. ಗಡಿಯಲ್ಲಿ ನನ್ನ ಪಕ್ಕದಲ್ಲಿ ವೈರ್‌ಲೆಸ್ ಸೆಟ್ ಇತ್ತು, ಜೊತೆಗಾರರಿದ್ದರು, ಏನಾಗುತ್ತಿದೆ ಎಂದು ಅಷ್ಟಿಷ್ಟಾದರೂ ತಿಳಿಯುತ್ತಿತ್ತು. ಅವಳಿಗೆ ಅಂಚೆಯವನ ಸೈಕಲ್ಲಿನ ಸದ್ದು ಬಿಟ್ಟರೆ ಬೇರೇನೂ ಇರಲಿಲ್ಲ, ಅದರಲ್ಲೂ ಹೊತ್ತಲ್ಲದ ಹೊತ್ತಿನಲ್ಲಿ ಆ ಸದ್ದು ಕೇಳಿದರೆ ಟೆಲಿಗ್ರಾಂ ಇರಬಹುದೆಂದು ಕೈಕಾಲು ನಡುಗುತ್ತಿತ್ತಂತೆ.

2016ರ ಫೆಬ್ರುವರಿ 3ರಂದು ಸಿಯಾಚಿನ್‌ನಲ್ಲಿ ಹಿಮ ಕುಸಿದು ಮದ್ರಾಸ್ ರೆಜಿಮೆಂಟಿನ ಹತ್ತು ಜನ ಹೂತುಹೋದರು. ಬದುಕಿರುವ ಸಾಧ್ಯತೆ ಬಹಳ ಕಡಿಮೆ ಎಂದು ಮೊದಲು ಹೇಳಿದ್ದರು. ಆಮೇಲೆ ಧಾರವಾಡ ಜಿಲ್ಲೆಯ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರು ಹಿಮದಡಿಯಲ್ಲಿ ಜೀವಂತವಾಗಿ ಸಿಕ್ಕರು. 11ರಂದು ದೆಹಲಿಯ ಆಸ್ಪತ್ರೆಯಲ್ಲಿ ತೀರಿಕೊಂಡರು. ಆ ದಿನಗಳಲ್ಲಿ ಕರ್ನಾಟಕವೆಲ್ಲ ಪ್ರಾರ್ಥಿಸುತ್ತಿತ್ತು. ನನ್ನ ಹೆಂಡತಿ ಮಾತ್ರ ಆ ಸುದ್ದಿ ಬಂದಾಗಲೆಲ್ಲ ಎದ್ದು ಒಳಗೆ ಹೋಗುತ್ತಿದ್ದಳು, ಆ ಮನೆಯವರಿಗೆ ಒಂದೇ ವಾರದಲ್ಲಿ ಎಷ್ಟು ಸಲ ಸುದ್ದಿ ಮುಟ್ಟಿಸಿದರು ನೋಡಿ ಎಂದು ಕಣ್ಣೊರೆಸಿಕೊಂಡಳು.

ಹೀಗಾಗಿ 2025ರ ಮೇ ತಿಂಗಳ ಆ ರಾತ್ರಿ ಕೊನೆಗೆ ನಾನು ಟಿವಿ ಆರಿಸಿದಾಗ ನನ್ನ ಮನಸ್ಸಿನಲ್ಲಿದ್ದದ್ದು ಕರಾಚಿಯಲ್ಲ. ಗಡಿಯಲ್ಲಿರುವ ಹುಡುಗರ ಮನೆಗಳಲ್ಲಿ ಅದೇ ಪರದೆಯ ಮುಂದೆ ಯಾರು ಯಾರು ಕುಳಿತಿರಬಹುದು, ಫೋನ್ ಹತ್ತದಿದ್ದಾಗ ಆ ಕೂಗಾಟದಲ್ಲಿ ಅವರು ಯಾವುದನ್ನು ನಂಬಬೇಕು ಎಂಬುದು. ಮೇ 10ರ ಸಂಜೆ ಕದನ ನಿಂತಿತೆಂದು ತಿಳಿದಾಗ ಇಷ್ಟು ಬೇಗ ನಿಲ್ಲಿಸಿದ್ದೇಕೆ ಎಂದು ಹಲವರು ನನ್ನನ್ನು ಕೇಳಿದರು. ನಿಲ್ಲಿಸುವ ತೀರ್ಮಾನದ ಲೆಕ್ಕಾಚಾರ ಹವಾಲ್ದಾರನಿಗೆ ಸೇರಿದ್ದಲ್ಲ. ಆದರೆ ಆ ರಾತ್ರಿ ಎಷ್ಟೋ ಮನೆಗಳಲ್ಲಿ ಜನ ನಿದ್ದೆ ಮಾಡಿದರು ಎಂಬುದರ ಬಗ್ಗೆ ನನಗೆ ಸಂತೋಷವಿದೆ ಎಂದು ಹೇಳಿದೆ. ಕೆಲವರಿಗೆ ಅದು ಹಿಡಿಸಲಿಲ್ಲ. ನಾನು ಮಾತು ಹಿಂತೆಗೆದುಕೊಳ್ಳಲಿಲ್ಲ.

ಈಗ ನಮ್ಮ ಮನೆಯಲ್ಲಿ ಇಂಥ ದಿನಗಳಲ್ಲಿ ಅಧಿಕೃತ ಪತ್ರಿಕಾಗೋಷ್ಠಿಯ ಹೊತ್ತಿಗೆ ಒಮ್ಮೆ, ರಾತ್ರಿ ಒಮ್ಮೆ ಸುದ್ದಿ ನೋಡುತ್ತೇವೆ. ವಾಟ್ಸಾಪ್‌ನಲ್ಲಿ ಬಂದದ್ದನ್ನು ಯಾರಿಗೂ ಮುಂದಕ್ಕೆ ಕಳುಹಿಸುವುದಿಲ್ಲ. ನಿಮ್ಮ ಮನೆಯಲ್ಲಿಯೂ ಮಾಡಬಹುದಾದದ್ದು ಇಷ್ಟೇ. ನಿಮ್ಮ ತಂದೆಯವರನ್ನು ಯುದ್ಧದ ಬಗ್ಗೆ ಅಭಿಪ್ರಾಯ ಹೇಳಿ ಎಂದು ಕೇಳಬೇಡಿ. ಯಾವ ವರ್ಷ ಎಲ್ಲಿದ್ದಿರಿ, ಮನೆಗೆ ಪತ್ರ ಎಷ್ಟು ದಿನಕ್ಕೆ ಮುಟ್ಟುತ್ತಿತ್ತು ಎಂದು ಕೇಳಿದರೆ ಅವರು ಮಾತನಾಡಿಯಾರು. ಅವರು ರಾತ್ರಿಗಳಲ್ಲಿ ನಿದ್ದೆಯಿಲ್ಲದೆ ಒದ್ದಾಡುತ್ತಿದ್ದರೆ, ಮಾತು ವಾರಗಟ್ಟಲೆ ನಿಂತುಹೋದರೆ, ನಿವೃತ್ತ ಸೈನಿಕರ ಆರೋಗ್ಯ ಯೋಜನೆಯಾದ ಇಸಿಎಚ್ಎಸ್‌ನ ಪಾಲಿಕ್ಲಿನಿಕ್‌ಗೆ ಕರೆದೊಯ್ದು ವೈದ್ಯರಿಗೆ ತಿಳಿಸಿ, ಅದರಲ್ಲಿ ಸಂಕೋಚಪಡುವಂಥದ್ದೇನೂ ಇಲ್ಲ. ಮತ್ತು ಆ ಹಳೆಯ ಪತ್ರಗಳು ಮನೆಯಲ್ಲಿ ಉಳಿದಿವೆಯೇ ಎಂಬುದನ್ನು ನಿಮ್ಮ ತಾಯಿಯವರನ್ನು ಕೇಳಿ. ಎಲ್ಲಿಟ್ಟಿದ್ದಾರೆಂಬುದು ಅವರಿಗೆ ಗೊತ್ತಿರುತ್ತದೆ.