ಐಪಿ ಸಿಕ್ಕಿದ ಮೇಲೆ ಬೂಟ್ ನಿಲ್ಲುತ್ತಿದ್ದರೆ
ನೆಟ್‌ವರ್ಕ್‌ನಿಂದ ಬೂಟ್ ಆಗಬೇಕಾದ ನಿಮ್ಮ ಡಿಸ್ಕ್ ಇಲ್ಲದ ಮಷೀನ್‌ಗೆ ಐಪಿ (ನೆಟ್‌ವರ್ಕ್ ವಿಳಾಸ) ಸಿಗುತ್ತದೆ, ಆಮೇಲೆ ಪಿಎಕ್ಸ್‌ಇ-ಇ32 ಅಂತ ಎರರ್ ತೋರಿಸಿ ನಿಂತುಬಿಡುತ್ತದೆ ಅಂದಿದ್ದೀರಿ. ಸುಮ್ನೆ ಕೇಬಲ್, ಕಾರ್ಡ್ ಬದಲಾಯಿಸಬೇಡಿ. ಐಪಿ ಬಂತು ಅಂದರೆ ಅವು ಕೆಲಸ ಮಾಡುತ್ತಿವೆ ಅಲ್ವಾ? ಇ32 ಅಂದರೆ ಟಿಎಫ್‌ಟಿಪಿ ಸರ್ವರ್‌ನಿಂದ (ಬೂಟ್ ಫೈಲ್ ಕಳಿಸುವ ಸರ್ವರ್) ಉತ್ತರ ಬರುತ್ತಿಲ್ಲ.

ಮೊದಲು ಐಪಿ ಹಂಚುವ ಡಿಎಚ್‌ಸಿಪಿಯ ಸೆಟ್ಟಿಂಗ್‌ನಲ್ಲಿ ನೆಕ್ಸ್ಟ್-ಸರ್ವರ್ ವಿಳಾಸ, ಅಂದರೆ ಟಿಎಫ್‌ಟಿಪಿ ಸರ್ವರ್‌ನ ಐಪಿ, ನೋಡಿ. ಅದು ಸರಿ ಇದ್ದರೆ ನನಗೆ ಫೈರ್‌ವಾಲ್ ಮೇಲೆಯೇ ಅನುಮಾನ ಜಾಸ್ತಿ. ಟಿಎಫ್‌ಟಿಪಿಯ ಪೋರ್ಟ್ ಆದ ಯುಡಿಪಿ 69 ತೆರೆದರೆ ಸಾಕು ಅಂತ ತುಂಬಾ ಜನ ಅಂದುಕೊಳ್ಳುತ್ತಾರೆ. ಆದರೆ 69ಕ್ಕೆ ಹೋಗುವುದು ಮೊದಲ ಕೋರಿಕೆ ಮಾತ್ರ. ಸರ್ವರ್ ಉತ್ತರ ಕಳಿಸುವುದು ಬೇರೆ ಪೋರ್ಟ್‌ನಿಂದ. ಮಧ್ಯದ ಫೈರ್‌ವಾಲ್ ಅದನ್ನು ಗುರುತಿಸದಿದ್ದರೆ ಬಿಸಾಕಿಬಿಡುತ್ತದೆ.

ಸರ್ವರ್‌ನಲ್ಲಿ ಟಿಸಿಪಿಡಂಪ್ (ಬಂದು ಹೋಗುವ ಪ್ಯಾಕೆಟ್ ತೋರಿಸುವ ಪ್ರೋಗ್ರಾಂ) ಓಡಿಸಿ, ಆಮೇಲೆ ಮಷೀನ್ ಆನ್ ಮಾಡಿ. ಕೋರಿಕೆ ಬಂದು ಉತ್ತರ ಹೋಗದಿದ್ದರೆ ಟಿಎಫ್‌ಟಿಪಿ ಸರ್ವೀಸ್ ನಿಂತಿರಬಹುದು, ಇಲ್ಲವೇ ಸರ್ವರ್‌ನದೇ ಫೈರ್‌ವಾಲ್ ತಡೆಯುತ್ತಿರಬಹುದು. ಏನು ಕಾಣಿಸಿತು ಅಂತ ಇಲ್ಲೇ ಹಾಕಿ.